ಬೆನ್ನು ತಟ್ಟುವವರು ಬೇಕಾದಷ್ಟಿದ್ದಾರೆ, ಸಿಗರೇಟು ಮಾತ್ರ ಬಿಡಲಾಗುತ್ತಿಲ್ಲ

ಪ್ರಶ್ನೆ: ನನಗೆ 42 ವರ್ಷ. ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. 18 ವರ್ಷದಿಂದ ಸಿಗರೇಟು, ದಿನಕ್ಕೆ 14–15. ಎದ್ದು ಹತ್ತು ನಿಮಿಷದೊಳಗೆ ಕಾಫಿ ಜೊತೆ ಮೊದಲನೆಯದು. ಎರಡು ವರ್ಷದಿಂದ ಬಿಪಿ ಮಾತ್ರೆ ಇದೆ. ಬಿಡಲು ಮೂರು ಸಲ ಪ್ರಯತ್ನಿಸಿದೆ. ಕೊನೆಯ ಸಲ ಮನೆಯವರೆಲ್ಲ ಸೇರಿ ವಾಟ್ಸಾಪ್ ಗ್ರೂಪ್ ಮಾಡಿ ದಿನಾ ‘ಇವತ್ತು 12ನೇ ದಿನ’ ಎಂದು ಹುರಿದುಂಬಿಸಿದರು. ಮಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಳು. 19ನೇ ದಿನ ಒಂದು ಮದುವೆಯಲ್ಲಿ ಒಂದು ಸೇದಿಬಿಟ್ಟೆ. ಯಾರಿಗೂ ಹೇಳಲಿಲ್ಲ. ಈಗ ಆರು ವಾರದಿಂದ ಕದ್ದು ಸೇದುತ್ತಿದ್ದೇನೆ, ಗ್ರೂಪಿನಲ್ಲಿ ಎಣಿಕೆ ಮುಂದುವರಿದೇ ಇದೆ. ಇಷ್ಟು ಜನರ ಪ್ರೋತ್ಸಾಹವಿದ್ದೂ ಆಗುತ್ತಿಲ್ಲ ಎಂದರೆ ನನಗೆ ಮನೋಬಲವೇ ಇಲ್ಲವೇ? ನಿಕೋಟಿನ್ ಚೂಯಿಂಗ್ ಗಮ್ ಒಮ್ಮೆ ತಂದೆ, ಕೆಲಸ ಮಾಡಲಿಲ್ಲ. ಅದೂ ಇನ್ನೊಂದು ಚಟವಂತೆ. ಸ್ನೇಹಿತರು ನಿಧಾನವಾಗಿ ಕಡಿಮೆ ಮಾಡು ಎನ್ನುತ್ತಾರೆ. ಮುಂದಿನ ತಿಂಗಳು ಮಗಳ ಹುಟ್ಟುಹಬ್ಬಕ್ಕೆ ಮತ್ತೆ ಶುರು ಮಾಡಬೇಕೆಂದಿದ್ದೇನೆ.

ಉತ್ತರ: ನೀವು ಕೇಳಿದ್ದು ಮನೋಬಲದ ಬಗ್ಗೆ. ಆದರೆ ಪತ್ರದಲ್ಲಿ ನಿಮ್ಮನ್ನು ಹೆಚ್ಚು ಹಿಂಡುತ್ತಿರುವುದು ಸಿಗರೇಟಿಗಿಂತ ಆ ಗ್ರೂಪಿನ ಸುಳ್ಳು ಎಣಿಕೆ. ಇವೆರಡೂ ಬೇರೆ ಬೇರೆ ತೊಂದರೆಗಳು. ಒಂದಕ್ಕೆ ಔಷಧಿ ಬೇಕು, ಇನ್ನೊಂದಕ್ಕೆ ಮನೆಯಲ್ಲಿ ಕೆಲಸಗಳನ್ನು ಬೇರೆ ಥರ ಹಂಚಬೇಕು.

ಮೊದಲು ಮನೋಬಲದ ಮಾತು. ಔಷಧಿ, ಸಲಹೆ ಯಾವುದೂ ಇಲ್ಲದೆ ಬರೀ ಹಟದ ಮೇಲೆ ಬಿಡಲು ಹೊರಟವರಲ್ಲಿ ಆರು ತಿಂಗಳಿಂದ ವರ್ಷದ ಹೊತ್ತಿಗೆ ಸೇದದೆ ಉಳಿಯುವವರು ನೂರಕ್ಕೆ 3ರಿಂದ 5 ಮಂದಿ. ಉಳಿದ 95 ಜನಕ್ಕೂ ಮನೋಬಲವಿಲ್ಲ ಎನ್ನಲಾಗದು. ಸೇದಿದ ಹೊಗೆಯ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳು ತಲುಪುತ್ತದೆ. ವರ್ಷಗಟ್ಟಲೆ ಹೀಗೆ ಸಿಕ್ಕಿದಾಗ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳು ಮಿದುಳಿನಲ್ಲಿ ಹೆಚ್ಚುತ್ತವೆ. ರಕ್ತದಲ್ಲಿ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುವುದರಿಂದ ರಾತ್ರಿಯಿಡೀ ಮಲಗಿದವರಿಗೆ ಬೆಳಗಾಗುವಷ್ಟರಲ್ಲಿ ಅದು ಬಹುತೇಕ ಖಾಲಿ. ಎದ್ದ ಹತ್ತು ನಿಮಿಷಕ್ಕೇ ನಿಮಗೆ ಸಿಗರೇಟು ಬೇಕಾಗುವುದು ಇದಕ್ಕೇ. ದಿನಕ್ಕೆ ಎಷ್ಟು ಸೇದುತ್ತೀರಿ ಎನ್ನುವುದಕ್ಕಿಂತ ಮೊದಲನೆಯದು ಎದ್ದ ಎಷ್ಟು ಹೊತ್ತಿಗೆ ಎನ್ನುವುದೇ ಅವಲಂಬನೆಯನ್ನು ಚೆನ್ನಾಗಿ ಅಳೆಯುತ್ತದೆ. ಅರ್ಧ ಗಂಟೆಯೊಳಗೆ ಎಂದರೆ ಅವಲಂಬನೆ ಬಲವಾಗಿದೆ. ಅಂಥವರಿಗೆ ಚಪ್ಪಾಳೆಯೊಂದನ್ನೇ ಕೊಟ್ಟು ಕಳಿಸುವುದು, ಜ್ವರ ಬಂದವನಿಗೆ ಧೈರ್ಯ ಹೇಳಿ ಮಾತ್ರೆ ಕೊಡದೆ ಕಳಿಸಿದಂತೆ.

ಹಾಗಾದರೆ 19ನೇ ದಿನ ಯಾಕೆ ಎಡವಿದಿರಿ? ಸಿಡುಕು, ನಿದ್ದೆಗೇಡು, ಗಮನ ನಿಲ್ಲದಿರುವುದು ಇವೆಲ್ಲ ಎರಡು ಮೂರನೇ ದಿನ ತಾರಕಕ್ಕೇರಿ ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ನೀವು ಕಷ್ಟದ ಭಾಗವನ್ನು ಔಷಧಿಯಿಲ್ಲದೆ ದಾಟಿದ್ದಿರಿ. ಅದು ಸಣ್ಣ ಮಾತಲ್ಲ. ಆದರೆ ಹೆಚ್ಚಾದ ಗ್ರಾಹಕಗಳು ಮೊದಲಿನ ಮಟ್ಟಕ್ಕೆ ಬರಲು 6ರಿಂದ 12 ವಾರ ಬೇಕು. ಅಷ್ಟರೊಳಗೆ ಮದುವೆ ಮನೆ, ಊಟ, ಹೊರಗೆ ನಿಂತ ಸಂಬಂಧಿಕರ ಗುಂಪು ಎದುರಾದರೆ ಮಿದುಳಿಗೆ ಹಳೆಯ ಪಾಠ ಥಟ್ಟನೆ ನೆನಪಾಗುತ್ತದೆ. ಜೊತೆಗೆ ಗುಂಡೂ ಇದ್ದರೆ ಹೇಳುವುದೇ ಬೇಡ. ಇನ್ನೊಂದು ಸಂಗತಿ ನೋಡಿ. ಮನೆಯವರ ಉತ್ಸಾಹ ಮೊದಲ ವಾರ ಉಕ್ಕುತ್ತದೆ, ಮೂರನೇ ವಾರಕ್ಕೆ ‘ಗೆದ್ದಾಯ್ತು’ ಎಂದು ತಣ್ಣಗಾಗುತ್ತದೆ. ಎಡವುವ ಹೊತ್ತೂ ಸರಿಯಾಗಿ ಅದೇ.

ಅಂದು ನೀವು ಸೇದಿದ್ದು ಒಂದು. ಮರುದಿನ ಬೆಳಿಗ್ಗೆ ಯಾರಿಗಾದರೂ ಹೇಳಿದ್ದರೆ ಅದು ಒಂದಕ್ಕೇ ನಿಲ್ಲುವ ಸಾಧ್ಯತೆ ಸಾಕಷ್ಟಿತ್ತು. ಹೇಳಲಾಗಲಿಲ್ಲ, ಯಾಕೆಂದರೆ ಹೇಳಿದರೆ 19 ಅಳಿಸಿ ಸೊನ್ನೆಯಾಗುತ್ತದೆ, ಮಗಳ ಕ್ಯಾಲೆಂಡರು ಸುಳ್ಳಾಗುತ್ತದೆ. ಎಣಿಕೆ ಏರಿದಷ್ಟೂ ಬಿದ್ದಾಗಿನ ನಾಚಿಕೆ ದುಬಾರಿ. ಮುಚ್ಚಿಟ್ಟ ಮೇಲೆ ಎರಡನೆಯದಕ್ಕೆ ಯಾವ ಅಡ್ಡಿ? ಸಿಗರೇಟು ಬಿಡಲು ಬರುವವರಲ್ಲಿ ಇದು ಪದೇ ಪದೇ ಕಾಣುವ ದಾರಿ. ಹಾಗಾಗಿ ನಿಮಗೆ ಪ್ರೋತ್ಸಾಹ ಕಡಿಮೆಯಾಗಿತ್ತು ಎನ್ನಲಾರೆ. ಇದ್ದದ್ದೆಲ್ಲ ಗೆಲುವಿಗೆ ಮೀಸಲಾಗಿತ್ತು, ಎಡವಿದ್ದನ್ನು ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ.

ಈಗ ಗಮ್. ‘ಕೆಲಸ ಮಾಡಲಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಅದನ್ನು ಮಾಮೂಲಿ ಬಬಲ್ ಗಮ್‌ನಂತೆ ಅಗಿದಿರುತ್ತಾರೆ. ನಿಕೋಟಿನ್ ಹೀರಿಕೆಯಾಗಬೇಕಾದ್ದು ಬಾಯಿಯ ಒಳಚರ್ಮದಿಂದ. ಬಡಬಡ ಅಗಿದು ಎಂಜಲು ನುಂಗಿದರೆ ಹೊಟ್ಟೆಗೆ ಹೋಗಿ ಎದೆಯುರಿ, ಬಿಕ್ಕಳಿಕೆ ತರುತ್ತದೆ. ಅದರಲ್ಲಿ ಬಹುಪಾಲನ್ನು ಯಕೃತ್ತು ರಕ್ತಕ್ಕೆ ಸೇರುವ ಮೊದಲೇ ಒಡೆದು ಹಾಕುತ್ತದೆ. ಸರಿಯಾದ ಕ್ರಮ ಹೀಗೆ: ಮೆಣಸಿನಂಥ ಚುರುಚುರು ಬರುವ ತನಕ ನಿಧಾನವಾಗಿ ಅಗಿಯಿರಿ. ಬಂದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಡಿ. ಚುರುಚುರು ಹೋದ ಮೇಲೆ ಮತ್ತೆ ನಾಲ್ಕಾರು ಸಲ ಅಗಿದು ಇನ್ನೊಂದು ಬದಿಗೆ ಇಡಿ. ಒಂದು ಗಮ್ ಸುಮಾರು ಅರ್ಧ ಗಂಟೆ ಬರಬೇಕು. ಅದಕ್ಕೆ ಮೊದಲಿನ 15 ನಿಮಿಷ ಮತ್ತು ಬಾಯಲ್ಲಿರುವಾಗ ಕಾಫಿ, ಟೀ, ನಿಂಬೆ ಶರಬತ್ತು, ಕೋಲಾ ಕುಡಿಯಬಾರದು. ಬಾಯಿ ಹುಳಿಯಾದರೆ ನಿಕೋಟಿನ್ ಒಳಗೆ ಇಳಿಯುವುದಿಲ್ಲ. ಬೆಳಗಿನ ಕಾಫಿ ಹೀರುತ್ತಲೇ ಗಮ್ ಹಾಕಿಕೊಂಡವರಿಗೆ ಅದು ರಬ್ಬರು ಅಗಿದಂತೆ.

ಎರಡನೇ ತಪ್ಪು ಪ್ರಮಾಣದ್ದು. ದಿನಕ್ಕೆ ಎರಡೋ ಮೂರೋ ಅಗಿದು ‘ಆಗಲಿಲ್ಲ’ ಎನ್ನುತ್ತಾರೆ. ಮೊದಲ ಆರು ವಾರ ಒಂದೆರಡು ಗಂಟೆಗೊಂದರಂತೆ ದಿನಕ್ಕೆ ಕನಿಷ್ಠ ಒಂಬತ್ತು ಬೇಕು, 24 ಮೀರಬಾರದು. ನಂತರ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ಒಟ್ಟು 12 ವಾರ. ಮೇಲೆ ಹೇಳಿದ ಗ್ರಾಹಕಗಳು ಮೊದಲಿನ ಮಟ್ಟಕ್ಕೆ ಬರುವ ಅವಧಿಗೂ ಇದು ಹೊಂದುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ ಗಮ್ ಒಂದನ್ನೇ ಕೊಡುವುದಾದರೆ 4 ಮಿಲಿಗ್ರಾಂನದು ಬೇಕು. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವುದು 2 ಮಿಲಿಗ್ರಾಂ.

ನಿಮ್ಮಂಥ ಅವಲಂಬನೆಗೆ ಒಂಟಿ ಗಮ್‌ಗಿಂತ ಪ್ಯಾಚ್ (ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ) ಮತ್ತು ಗಮ್ ಜೋಡಿ ಹೆಚ್ಚು ಪರಿಣಾಮಕಾರಿ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರಿಗೆ 21 ಮಿಲಿಗ್ರಾಂ ಪ್ಯಾಚ್ ಆರು ವಾರ, ಆಮೇಲೆ 14 ಮಿಲಿಗ್ರಾಂನದು ಎರಡು ವಾರ, 7 ಮಿಲಿಗ್ರಾಂನದು ಎರಡು ವಾರ. ಬೆಳಿಗ್ಗೆ ಸ್ನಾನ ಮಾಡಿ ಒರೆಸಿಕೊಂಡು, ಕೂದಲಿಲ್ಲದ ಒಣ ಚರ್ಮಕ್ಕೆ ಅಂಟಿಸಿ ದಿನಾ ಜಾಗ ಬದಲಿಸಬೇಕು. ಎಣ್ಣೆ ಹಚ್ಚಿಕೊಂಡ ಮೈಗೆ ಅಂಟುವುದಿಲ್ಲ. ಕೆಟ್ಟ ಕನಸು, ನಿದ್ದೆಗೇಡು ಬಂದರೆ ರಾತ್ರಿ ತೆಗೆದಿಡಿ. ಪ್ಯಾಚ್ ದಿನವಿಡೀ ತಳಮಟ್ಟ ಕಾಯುತ್ತದೆ, ಇದ್ದಕ್ಕಿದ್ದಂತೆ ಏಳುವ ತುಡಿತಕ್ಕೆ 2 ಮಿಲಿಗ್ರಾಂ ಗಮ್.

ಇದೂ ಚಟವಾಗುವುದೇ? ಕೆಲವರು ಗಮ್ಮನ್ನು ತಿಂಗಳುಗಟ್ಟಲೆ ಎಳೆಯುವುದು ನಿಜ. ಆದರೆ ಚಟದ ಬಲ ಇರುವುದು ನಿಕೋಟಿನ್ ಮಿದುಳಿಗೆ ಏರುವ ವೇಗದಲ್ಲಿ. ಹೊಗೆಯದು ಸೆಕೆಂಡುಗಳ ಲೆಕ್ಕ, ಗಮ್‌ನದು ಇಪ್ಪತ್ತು ಮೂವತ್ತು ನಿಮಿಷ, ಪ್ಯಾಚ್‌ನದು ಗಂಟೆಗಳು. ಕ್ಯಾನ್ಸರ್, ಹೃದಯಾಘಾತ ತರುವ ಟಾರು ಮತ್ತು ಕಾರ್ಬನ್ ಮೊನಾಕ್ಸೈಡ್ ಗಮ್‌ನಲ್ಲಿಲ್ಲ. ಆರು ತಿಂಗಳು ಗಮ್ ಅಗಿದು ಸಿಗರೇಟು ಬಿಟ್ಟವರು ನಷ್ಟವಾಯಿತೆಂದು ಕೊರಗಬೇಕಿಲ್ಲ.

ಮಾತ್ರೆಗಳಲ್ಲಿ ವರೆನಿಕ್ಲಿನ್ ಒಳ್ಳೆಯ ಆಯ್ಕೆ. ಬಿಡುವ ದಿನಕ್ಕೆ ಒಂದು ವಾರ ಮೊದಲೇ ಶುರು: ಮೂರು ದಿನ 0.5 ಮಿಲಿಗ್ರಾಂ ದಿನಕ್ಕೊಂದು, ಮುಂದಿನ ನಾಲ್ಕು ದಿನ ಅದೇ ದಿನಕ್ಕೆರಡು, ಆಮೇಲೆ 1 ಮಿಲಿಗ್ರಾಂ ದಿನಕ್ಕೆರಡು. ಒಟ್ಟು 12 ವಾರ. ಮುಖ್ಯ ತೊಂದರೆ ವಾಕರಿಕೆ. ಹೊಟ್ಟೆ ತುಂಬ ತಿಂಡಿ ತಿಂದು, ಒಂದು ಲೋಟ ನೀರಿನೊಂದಿಗೆ ನುಂಗಿದರೆ ಬಹಳ ಮಟ್ಟಿಗೆ ತಪ್ಪುತ್ತದೆ. ಕಣ್ಣಿಗೆ ಕಟ್ಟಿದಂಥ ಕನಸುಗಳೂ ಬೀಳಬಹುದು. ಮನಸ್ಸು ಕೆಡಿಸುತ್ತದೆ ಎಂಬ ಹೆದರಿಕೆಗೆ ಒಂದು ಕಾಲದಲ್ಲಿ ಆಧಾರವಿತ್ತು. ಅಮೆರಿಕದಲ್ಲಿ ಪೊಟ್ಟಣದ ಮೇಲೆ ಕಟು ಎಚ್ಚರಿಕೆಯೂ ಇತ್ತು. ದೊಡ್ಡ ಅಧ್ಯಯನವೊಂದು ಆ ಅಪಾಯ ಗಮನಾರ್ಹವಾಗಿ ಹೆಚ್ಚುವುದಿಲ್ಲವೆಂದು ತೋರಿಸಿದ ಮೇಲೆ 2016ರಲ್ಲಿ ಅದನ್ನು ತೆಗೆದರು. ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ಇಳಿಸಬೇಕು. ಬ್ಯುಪ್ರೋಪಿಯಾನ್ ಎಂಬ ಇನ್ನೊಂದು ಮಾತ್ರೆ ರಕ್ತದೊತ್ತಡ ಏರಿಸಬಲ್ಲದು, ಫಿಟ್ಸ್ ಇರುವವರಿಗೆ ಕೊಡುವುದೇ ಇಲ್ಲ. ನಿಮ್ಮ ಬಿಪಿ ನೋಡಿದರೆ ಅದು ನನ್ನ ಮೊದಲ ಆಯ್ಕೆಯಲ್ಲ. ಇವೆರಡೂ ವೈದ್ಯರ ಚೀಟಿಯ ಮಾತ್ರೆಗಳು. ಪ್ಯಾಚ್, ಗಮ್ ಶುರು ಮಾಡುವಾಗಲೂ ಬಿಪಿ ನೋಡುವ ವೈದ್ಯರಿಗೆ ತಿಳಿಸಿ. ಬಿಪಿ ಇದೆ ಎನ್ನುವ ಕಾರಣಕ್ಕೇ ಅವನ್ನು ಬಿಡಬೇಕಿಲ್ಲ, ಸಿಗರೇಟೂ ಅದೇ ನಿಕೋಟಿನ್ನನ್ನೇ ಕೊಡುತ್ತಿತ್ತು, ಅದೂ ವಿಷದ ಹೊಗೆಯೊಡನೆ.

‘ನಿಧಾನವಾಗಿ ಕಡಿಮೆ ಮಾಡು’ ಎನ್ನುವ ಸ್ನೇಹಿತರ ಸಲಹೆಯಲ್ಲಿ ಅರ್ಧ ಸತ್ಯವಿದೆ. ಬ್ರಿಟನ್ನಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಂದು ದಿನ ಗೊತ್ತು ಮಾಡಿ ಪೂರ್ತಿ ನಿಲ್ಲಿಸಿದವರಲ್ಲಿ ನಾಲ್ಕು ವಾರದ ಹೊತ್ತಿಗೆ ಶೇ. 49 ಮಂದಿ ಸೇದದೆ ಉಳಿದಿದ್ದರು. ಎರಡು ವಾರದಲ್ಲಿ ಹಂತ ಹಂತವಾಗಿ ಇಳಿಸಿದವರಲ್ಲಿ ಶೇ. 39. ಎರಡೂ ಗುಂಪಿಗೆ ಔಷಧಿ ಮತ್ತು ಸಲಹೆಯ ನೆರವಿತ್ತು. ಕಡಿಮೆ ಮಾಡುವುದಾದರೆ ಕೊನೆಯ ದಿನಾಂಕ ಗೊತ್ತಿರಬೇಕು. ದಿನಾಂಕವಿಲ್ಲದ ಕಡಿತ ಐದಾರಕ್ಕೆ ಬಂದು ನಿಲ್ಲುತ್ತದೆ, ಮತ್ತು ಆ ಐದಾರನ್ನೇ ಜನ ಆಳವಾಗಿ, ಬುಡದ ತನಕ ಎಳೆಯುತ್ತಾರೆ. ದಿನಕ್ಕೆ ಒಂದೇ ಸೇದಿದರೂ ಹೃದಯಕ್ಕಾಗುವ ಹೆಚ್ಚುವರಿ ಅಪಾಯ 20 ಸೇದುವವರದರ ಅರ್ಧದಷ್ಟು ಇರುತ್ತದೆ, ಇಪ್ಪತ್ತನೇ ಒಂದು ಭಾಗವಲ್ಲ.

ಬೀಡಿಗೆ ಇಳಿಯುವುದು, ‘ಲೈಟ್’ ಎಂದು ಹೆಸರಾದದ್ದನ್ನು ಸೇದುವುದು ಇವುಗಳಿಂದ ಏನೂ ಸಿಗದು. ಇ-ಸಿಗರೇಟು ಮಾರುವುದೇ ನಮ್ಮ ದೇಶದಲ್ಲಿ 2019ರಿಂದ ನಿಷಿದ್ಧ. ಕದ್ದು ಬರುವುದರಲ್ಲಿ ಏನಿದೆ ಎಂದು ಹೇಳುವವರಿಲ್ಲ. ನಿಮ್ಮ ಸೀಮೆಯಲ್ಲಿ ಇನ್ನೊಂದು ಮಾತು ಕೇಳಿಬರುತ್ತದೆ: ‘ಬರೀ ಅಡಿಕೆ ಹಾಕ್ಕೋ, ತಂಬಾಕು ಇಲ್ಲವಲ್ಲ.’ ತಂಬಾಕಿಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ ಹೇಳಲು ಇದು ಕಷ್ಟದ ಮಾತು, ಆದರೂ ಹೇಳಬೇಕು. ಬಾಯಿಗೆ ಏನಾದರೂ ಬೇಕೆನಿಸಿದರೆ ಏಲಕ್ಕಿ, ಲವಂಗ, ಸೋಂಪು ಸಾಕು.

ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ನಿಮ್ಮನ್ನು ಖಂಡಿತ ಕಾಡಿರಬಹುದಾದ ಎರಡು ವಿಷಯ ಹೇಳುತ್ತೇನೆ. ಮೊದಲನೆಯದು ಕಾಫಿ. ಹೊಗೆಯ ಟಾರಿನ ಅಂಶಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕು ಮಾಡಿರುತ್ತವೆ, ಕೆಫೀನನ್ನು ಕರಗಿಸುವುದೂ ಅದೇ ಕಿಣ್ವ. ಸಿಗರೇಟು ನಿಂತ ಕೆಲವೇ ದಿನಗಳಲ್ಲಿ ಅದು ಮಂದವಾಗುತ್ತದೆ. ಅದೇ ಲೋಟ, ಅದೇ ಡಿಕಾಕ್ಷನ್, ಆದರೆ ರಕ್ತದಲ್ಲಿ ಕೆಫೀನ್ ಸುಮಾರು ಎರಡು ಪಟ್ಟು. ಎದೆ ಡವಡವ, ಕೈನಡುಕ, ರಾತ್ರಿ ನಿದ್ದೆಯಿಲ್ಲ. ಇದನ್ನು ಸಿಗರೇಟು ಬಿಟ್ಟ ಸಂಕಟ ಎಂದುಕೊಂಡು ಮತ್ತೆ ಹಚ್ಚುವವರು ಎಷ್ಟೋ ಜನ. ಗಮ್, ಪ್ಯಾಚ್ ಹಾಕಿದರೂ ಇದು ತಪ್ಪುವುದಿಲ್ಲ, ಏಕೆಂದರೆ ಕಾರಣ ನಿಕೋಟಿನ್ ಅಲ್ಲ. ಬಿಡುವ ದಿನದಿಂದಲೇ ಕಾಫಿ, ಟೀ ಅರ್ಧಕ್ಕೆ ಇಳಿಸಿ. ಬೆಳಗಿನದನ್ನು ಕುಡಿಯುವ ಜಾಗವನ್ನೂ ಬದಲಿಸಿ: ಇಲ್ಲಿಯವರೆಗೆ ಬಾಲ್ಕನಿಯಾಗಿದ್ದರೆ ಇನ್ನು ಅಡುಗೆಮನೆ. ಆಸ್ತಮಾದ ಥಿಯೋಫಿಲಿನ್, ಮಾನಸಿಕ ಕಾಯಿಲೆಯ ಕ್ಲೋಜಪಿನ್, ಓಲಾಂಜಪಿನ್ ತೆಗೆದುಕೊಳ್ಳುವ ಓದುಗರು ಬಿಡುವ ಮೊದಲೇ ವೈದ್ಯರಿಗೆ ತಿಳಿಸಲೇಬೇಕು. ಅವೂ ಇದೇ ರೀತಿ ರಕ್ತದಲ್ಲಿ ಏರುತ್ತವೆ.

ಎರಡನೆಯದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ: ‘ಒಂದು ಸೇದದಿದ್ದರೆ ಬೆಳಿಗ್ಗೆ ಹೊಟ್ಟೆ ಖಾಲಿಯಾಗುವುದಿಲ್ಲ.’ ಇದು ನೆಪವಲ್ಲ. ನಿಕೋಟಿನ್ ಕರುಳು ಚಲಿಸುವಂತೆ ಮಾಡುತ್ತದೆ, ನಿಲ್ಲಿಸಿದ ಮೇಲೆ ಕೆಲವು ವಾರ ಮಲಬದ್ಧತೆ ಸಾಮಾನ್ಯ. ಎದ್ದ ಕೂಡಲೇ ಎರಡು ಲೋಟ ಬಿಸಿನೀರು, ರಾತ್ರಿ ಒಂದೆರಡು ಚಮಚ ಇಸಬ್‌ಗೋಲು ದೊಡ್ಡ ಲೋಟ ನೀರಿನಲ್ಲಿ, ಪಪ್ಪಾಯಿ. ಬಿಡುವ ದಿನಕ್ಕೆ ನಾಲ್ಕು ದಿನ ಮೊದಲೇ ಶುರು ಮಾಡಿ. ಕೆಲವರಿಗೆ ಬಾಯಿಹುಣ್ಣು, ಕೆಲವರಿಗೆ ಮೊದಮೊದಲು ಕೆಮ್ಮು ಹೆಚ್ಚು. ಶ್ವಾಸನಾಳದ ಸೂಕ್ಷ್ಮ ರೋಮಗಳು ಮತ್ತೆ ಕಸ ಗುಡಿಸತೊಡಗಿದ್ದರ ಗುರುತು ಅದು; ಮೂರು ವಾರ ದಾಟಿದರೂ ನಿಲ್ಲದಿದ್ದರೆ, ರಕ್ತ ಕಂಡರೆ ವೈದ್ಯರಿಗೆ ತೋರಿಸಿ. ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ತೂಕ ಏರಬಹುದು. ಮಂಡಕ್ಕಿ ಮಿರ್ಚಿಯ ಸಂಜೆಗಳನ್ನು ಕಡಿಮೆ ಮಾಡಿದರೆ ಎರಡು ಲಾಭ: ಮಿರ್ಚಿಯಾದ ಮೇಲೆ ಚಹಾ, ಚಹಾ ಆದ ಮೇಲೆ ಸಿಗರೇಟು ಎನ್ನುವ ಸರಪಳಿಯೂ ಮುರಿಯುತ್ತದೆ.

ಈಗ ಮನೆಯವರ ವಿಷಯ. ದಿನದ ಎಣಿಕೆ ನಿಲ್ಲಿಸಲು ಹೇಳಿ. ಮಗಳನ್ನು ಕ್ಯಾಲೆಂಡರಿನ ಕೆಲಸದಿಂದ ಬಿಡಿಸಿ. ಅಪ್ಪನನ್ನು ಕಾಯುವ ಕೆಲಸ ಮಗುವಿಗೆ ಭಾರ, ಅಪ್ಪ ಎಡವಿದರೆ ತನ್ನದೇ ತಪ್ಪೆಂದುಕೊಳ್ಳುತ್ತದೆ. ಹೆಂಡತಿ ಅಂಗಿ ಮೂಸುವುದು, ಜೇಬು ನೋಡುವುದು, ‘ರೀ, ಸೇದಿದ್ರಾ?’ ಎಂದು ಕೇಳುವುದು ಕಾಳಜಿಯಿಂದಲೇ, ಆದರೆ ಅದಕ್ಕೆ ಸಿಗುವ ಉತ್ತರ ಯಾವಾಗಲೂ ‘ಇಲ್ಲ’. ಅದರ ಬದಲು ಅವರು ಮಾಡಬಹುದಾದ್ದು: ಮೊದಲ ಹತ್ತು ದಿನದ ಸಿಡುಕಿಗೆ ಎದುರು ಮಾತಾಡದೆ ಬಿಡುವುದು, ಊಟವಾದ ಕೂಡಲೇ ಹತ್ತು ನಿಮಿಷ ಜೊತೆಯಲ್ಲಿ ನಡೆಯುವುದು. ಊಟದ ನಂತರದ ತುಡಿತ ನಾಲ್ಕೈದು ನಿಮಿಷದಲ್ಲಿ ಇಳಿಯುತ್ತದೆ, ನಡಿಗೆ ಅದನ್ನು ದಾಟಿಸುತ್ತದೆ.

ಎಡವಿದ್ದನ್ನು ಹೇಳಿಕೊಳ್ಳಲು ಒಬ್ಬರು ಬೇಕು. ಅವರು ಹೆಂಡತಿಯೋ ಮಗಳೋ ಆಗದಿರುವುದೇ ಒಳ್ಳೆಯದು. ಹಿಂದೆ ಸೇದಿ ಬಿಟ್ಟ ಭಾವನೋ ಸಹೋದ್ಯೋಗಿಯೋ ಇದ್ದರೆ ಅವರೇ ಸರಿ. ಒಪ್ಪಂದ ಇಷ್ಟೇ: ಒಂದು ದಮ್ಮು ಎಳೆದರೂ ಅದೇ ದಿನ ಫೋನು, ಅವರು ಬೈಯುವುದಿಲ್ಲ, ಊರಿಗೆಲ್ಲ ಹೇಳುವುದಿಲ್ಲ, ಕೇಳುವುದು ಮೂರೇ: ಎಲ್ಲಿ, ಯಾರ ಜೊತೆ, ಆಗ ಜೇಬಿನಲ್ಲಿ ಗಮ್ ಇತ್ತೇ? ಎಡವಿದ ದಿನ ಪ್ಯಾಚ್ ತೆಗೆಯಬೇಡಿ, ಔಷಧಿ ನಿಲ್ಲಿಸಬೇಡಿ. ಅಂಥವರು ಯಾರೂ ಇಲ್ಲವೆಂದರೆ 1800-11-2356ಕ್ಕೆ ಕರೆ ಮಾಡಿ. ಸಿಗರೇಟು ಪ್ಯಾಕಿನ ಮೇಲೆ ಅಚ್ಚಾಗಿರುವ ಅದೇ ನಂಬರು, ಉಚಿತ. ದಕ್ಷಿಣದ ಭಾಷೆಗಳ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ನೋಡಿಕೊಳ್ಳುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಚಹಾದಂಗಡಿಯ ಗೆಳೆಯರಿಗೆ ‘ಬಿಡೋಕೆ ಟ್ರೈ ಮಾಡ್ತಿದೀನಿ’ ಎನ್ನಬೇಡಿ. ಅದಕ್ಕೆ ಸಿದ್ಧ ಉತ್ತರ ‘ಒಂದು ಹೊಡಿಯೋ, ಏನಾಗಲ್ಲ.’ ‘ಬ್ಯಾಡ ಮಾರಾಯ, ನಾನ್ ಸೇದಲ್ಲ’ ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಅವರಲ್ಲಿ ಒಬ್ಬನನ್ನಾದರೂ ಜೊತೆಗೆ ಬಿಡಲು ಎಳೆದುಕೊಳ್ಳಲು ಸಾಧ್ಯವೇ ನೋಡಿ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನ ಜನರನ್ನು ದಶಕಗಳ ಕಾಲ ಗಮನಿಸಿ 2008ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಗೆಳೆಯ ಬಿಟ್ಟರೆ ಒಬ್ಬ ಸೇದುವ ಸಾಧ್ಯತೆ ಶೇ. 36ರಷ್ಟು, ಸಂಗಾತಿ ಬಿಟ್ಟರೆ ಶೇ. 67ರಷ್ಟು ತಗ್ಗುತ್ತದೆ. ಚಪ್ಪಾಳೆ ತಟ್ಟುವ ಹತ್ತು ಜನಕ್ಕಿಂತ ಜೊತೆಯಲ್ಲಿ ಬಿಡುವ ಒಬ್ಬ ಹೆಚ್ಚು ಉಪಯೋಗಕ್ಕೆ ಬರುತ್ತಾನೆ.

ಮುಂದಿನ ಪ್ರಯತ್ನಕ್ಕೆ ಮಗಳ ಹುಟ್ಟುಹಬ್ಬ ಬೇಡ. ಅಂದು ಶುರು ಮಾಡಿ ಎಡವಿದರೆ ಅದು ಮಗಳಿಗೆ ಕೊಟ್ಟ ಮಾತು ಮುರಿದಂತಾಗುತ್ತದೆ, ಮತ್ತೆ ಮುಚ್ಚಿಡುತ್ತೀರಿ. ಎರಡು ವಾರದೊಳಗಿನ ಯಾವುದೋ ಬುಧವಾರ ಸಾಕು. ತಿಂಗಳ ಕೊನೆಯ ಲೆಕ್ಕದ ಗಡಿಬಿಡಿ, ಮದುವೆ, ಊರ ಜಾತ್ರೆ ಇಲ್ಲದ ವಾರ ನೋಡಿಕೊಳ್ಳಿ. ಹಿಂದಿನ ರಾತ್ರಿ ಸ್ಕೂಟರಿನ ಡಿಕ್ಕಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಮೂಲೆ, ಹಳೇ ಪ್ಯಾಂಟಿನ ಜೇಬು ತಡಕಿ ಅಳಿದುಳಿದದ್ದನ್ನು ನೀರಿಗೆ ಹಾಕಿ ಎಸೆಯಿರಿ. ಲೈಟರೂ ಹೋಗಲಿ. ಅದಕ್ಕೆ ಮೊದಲು, ಸಾಧ್ಯವಾದರೆ ಇವತ್ತು ರಾತ್ರಿಯೇ, ಮನೆಯವರಿಗೆ ನೇರವಾಗಿ ಹೇಳಿ: ‘ಆರು ವಾರದಿಂದ ಸೇದ್ತಾ ಇದೀನಿ. ಈ ಸಲ ಡಾಕ್ಟ್ರ ಹತ್ರ ಹೋಗ್ತೀನಿ. ಗ್ರೂಪಲ್ಲಿ ಎಣಿಸೋದು ಬೇಡ.’ ಪುದೀನಾ ಮಾತ್ರೆ, ಸ್ಯಾನಿಟೈಸರ್ ವಾಸನೆಯಿಂದ ಅವರಿಗೆ ಬಹುಶಃ ಈಗಾಗಲೇ ಗೊತ್ತಿದೆ.